ಕಿಟಕಿ ಪಕ್ಕ ಕೂರದ ಅಕ್ಕೋರು

ಮೊನ್ನೆ ಮಸ್ಕಿಗೆ ಹೋಗಬೇಕಾಗಿತ್ತು. ಸಿಂಧನೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಅರಿವೆಯ ಗಂಟು ಬಿಚ್ಚಿ ರೊಟ್ಟಿ ತೆಗೆದಳು. ಗುರೆಳ್ಳು ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಬಳ್ಳೊಳ್ಳಿಯನ್ನು ಸಿಪ್ಪೆ ಸಮೇತ ಕುಟ್ಟಿ ಹಾಕಿದ ಚಟ್ನಿಪುಡಿ ಅದು. ಸಿಪ್ಪೆ ಸುಲಿದು ಹಾಕಿದರೆ ಅಂಥ ವಾಸನೆ ಬರುವುದಿಲ್ಲ. ಇದು ನಾನಾಗಿ ಕಂಡುಕೊಂಡಿದ್ದಲ್ಲ, ಅಕ್ಕೋರು ಹೇಳಿದ್ದು. ಆ ಹೆಣ್ಣುಮಗಳು ನನ್ನನ್ನು ನೋಡಿ, ‘ತಗೋರಿ’ ಎಂದು ಅರ್ಧ ರೊಟ್ಟಿ ಮುಂದೆ ಹಿಡಿದಳು. ಬೇಡ ಅಂದೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನಮ್ಮ ಅಕ್ಕೋರಿಗೂ ಒಂದು ಹೆಸರಿತ್ತು. ಆದರೆ ನಾವು ದಿನಾ ಹೋಗುತ್ತಿದ್ದ ಬಸ್ಸಿನಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ಡ್ರೈವರಿಗೂ ಅಕ್ಕೋರು, ಹಾಲಿನ ಕ್ಯಾನಿನವನಿಗೂ ಅಕ್ಕೋರು, ಅವರಿಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವರಾದ ಮುದುಕರಿಗೂ ಅಕ್ಕೋರು.

ನಾನು ಬಳಗಾನೂರಿನವಳು. ಮದುವೆಯಾಗಿ ಸಿಂಧನೂರಿಗೆ ಬಂದ ಹೊಸದರಲ್ಲೇ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ನೌಕರಿ ಸಿಕ್ಕಿತು. ಬೆಳಿಗ್ಗೆ ಬಸ್ಸು ಹಿಡಿದು ಮಸ್ಕಿ ದಾಟಿ ಲಿಂಗಸುಗೂರು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಅಕ್ಕೋರ ಸಾಲಿಯೂ ಲಿಂಗಸುಗೂರಿನಲ್ಲೇ ಇತ್ತು. ಮೊದಲ ದಿನ ಕಿಟಕಿಯ ಸೀಟಿನಿಂದ ಎದ್ದು ಅವರಿಗೆ ಜಾಗ ಕೊಡಲು ಹೋದೆ. ಅವರು ನನ್ನ ಭುಜ ಹಿಡಿದು ಕೂರಿಸಿದರು.

‘ನಾ ಕಿಟಕಿ ಬಾಜೂಕ ಕುಂದ್ರಂಗಿಲ್ಲ ತಂಗಿ. ಅಲ್ಲಿ ಕುಂತೋರು ಹೊರಗ ನೋಡ್ತಾರ, ಮಾತಾಡಂಗಿಲ್ಲ.’

ಮಸ್ಕಿ ಬರುವಷ್ಟರಲ್ಲಿ ನನ್ನ ತವರು, ನನ್ನ ಗಂಡನ ಸ್ವಭಾವ, ಅತ್ತೆಯ ಮೊಣಕಾಲು ನೋವು ಎಲ್ಲವೂ ಅವರಿಗೆ ಗೊತ್ತಾಗಿದ್ದವು. ಅವರು ಕೇಳುವ ರೀತಿಯೇ ಹಾಗಿತ್ತು. ‘ಅತ್ತಿ ಹೆಂಗದಾರ’ ಎಂದು ನೇರವಾಗಿ ಕೇಳುತ್ತಿರಲಿಲ್ಲ. ‘ನಿಮ್ಮತ್ತಿ ಚಾಕ್ಕ ಸಕ್ರಿ ಮೊದ್ಲ ಹಾಕ್ತಾರೋ, ಆಮ್ಯಾಲ ಹಾಕ್ತಾರೋ’ ಅನ್ನುತ್ತಿದ್ದರು. ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ಉಳಿದದ್ದೆಲ್ಲ ತಾನಾಗಿ ಹೊರಬರುತ್ತಿತ್ತು. ಅತ್ತೆ ನನ್ನೊಡನೆ ಹೆಚ್ಚು ಮಾತಾಡುವುದಿಲ್ಲ ಎಂದು ನಾನು ಸಣ್ಣ ಮುಖ ಮಾಡಿದಾಗ, ‘ಆಕಿಗೆ ಏನ್ ಛಲೋ ಬರ್ತೈತಿ, ಅದನ್ನ ಆಕಿನ್ನೇ ಕೇಳು’ ಅಂದರು. ಆ ಸಂಜೆ ಪುಂಡಿಪಲ್ಯ ಹೇಗೆ ಮಾಡುವುದೆಂದು ಅತ್ತೆಯನ್ನು ಕೇಳಿದೆ. ಅತ್ತೆ ಒಲೆಯ ಮುಂದೆ ಕೂತು ಹೇಳಿದ್ದೇ ಹೇಳಿದ್ದು. ನಮ್ಮಿಬ್ಬರ ಸಂಸಾರ ಶುರುವಾದದ್ದು ಅವತ್ತಿನಿಂದ.

ಅಕ್ಕೋರಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯಬೇಕು, ಕಪ್ಪಿಗೇ ಬಾಯಿ ಹಚ್ಚುವವರು ಯಾರ ಮಾತನ್ನೂ ಪೂರಾ ಕೇಳುವವರಲ್ಲ. ಮಂಗಳವಾರ ಉಗುರು ತೆಗೆಯಬಾರದು ಅನ್ನುವುದು ಸೋಮಾರಿಗಳು ಹುಟ್ಟಿಸಿದ ಮಾತು. ಅವರು ಬೇಕೆಂದೇ ಮಂಗಳವಾರ ತೆಗೆಯುತ್ತಿದ್ದರು. ತಲೆಗೆ ಎಣ್ಣೆ ಹಚ್ಚದವರ ಜೊತೆ ವಾದ ಮಾಡಬಾರದು. ಸಿಂಧನೂರು ಬಿಟ್ಟು ಸ್ವಲ್ಪ ದೂರ ಕಾಲುವೆಯ ನೀರು, ಭತ್ತದ ಗದ್ದೆ, ಕೊಕ್ಕರೆ. ಮಸ್ಕಿ ಹತ್ತಿರವಾದಂತೆ ಹಸಿರು ತೆಳುವಾಗಿ ಜೋಳ, ತೊಗರಿ, ಕಲ್ಲುಗುಡ್ಡ ಶುರುವಾಗುತ್ತಿದ್ದವು. ಆ ಜಾಗ ಬಂದಾಗ ನನ್ನ ತೊಡೆ ತಟ್ಟಿ ಹೇಳುವರು: ‘ನೋಡು, ಇಲ್ಲಿಂದ ಸಿಟ್ಟಿನ ತರಾನ ಬದ್ಲಾಗ್ತೈತಿ. ಅನ್ನ ಉಣ್ಣೋರಿಗೆ ಜಲ್ದಿ ಬಂದು ಜಲ್ದಿ ಹೋಗ್ತೈತಿ. ರೊಟ್ಟಿ ಉಣ್ಣೋರಿಗೆ ತಡಾ ಮಾಡಿ ಬರ್ತೈತಿ, ಬಂದ್ರ ಹೋಗಂಗಿಲ್ಲ.’

ಅಕ್ಕೋರು ಬುತ್ತಿ ಬಿಚ್ಚುತ್ತಿದ್ದುದು ಬಸ್ಸಿನಲ್ಲೇ. ಊರು ದಾಟುತ್ತಿದ್ದಂತೆ ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ ಹೊರಬರುತ್ತಿದ್ದವು. ಕೊರಳಲ್ಲಿದ್ದ ಲಿಂಗವನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು, ಹಿಂದೆ ಮುಂದೆ ಕೂತವರಿಗೆಲ್ಲ ಒಂದೊಂದು ತುಂಡು ಹಂಚಿ, ಆಮೇಲೆ ತಾವು ಉಣ್ಣುವರು. ಮನೆಯಲ್ಲೇ ಆರಾಮಾಗಿ ಉಂಡು ಬರಬಾರದೇ ಎಂದು ಒಮ್ಮೆ ಕೇಳಿದೆ.

‘ಮನ್ಯಾಗ ಎಲ್ಲಾರದೂ ಆದ ಮ್ಯಾಲ ನಂದು’ ಅಂದರು. ‘ಒಬ್ಬಾಕಿನ ಗ್ವಾಡಿ ನೋಡ್ಕೋಂತ ಉಣ್ಣಾಕ ನನಗಾಗಂಗಿಲ್ಲ ತಂಗಿ.’

ಅವರ ತಂದೆತಾಯಿ ಬೇಗ ತೀರಿಹೋಗಿದ್ದರು. ತಮ್ಮನನ್ನು ಸಾಕಿ, ಓದಿಸಿ, ಸಿಂಧನೂರಿನಲ್ಲಿ ಭತ್ತದ ವ್ಯಾಪಾರಕ್ಕೆ ಹಚ್ಚಿ, ಮದುವೆ ಮಾಡಿದ್ದು ಇವರೇ. ಅಷ್ಟರಲ್ಲಿ ಅವರದೇ ಮದುವೆಯ ವಯಸ್ಸು ದಾಟಿತ್ತು. ಅದರ ಬಗ್ಗೆ ಅವರಿಗೆ ಅಳಲೇನೂ ಇದ್ದಂತೆ ಕಾಣಲಿಲ್ಲ. ತಮ್ಮನ ಮನೆಯಲ್ಲಿ ಯಾರೂ ಅವರಿಗೆ ಒಂದು ಮಾತು ಅಂದವರಲ್ಲ. ಆದರೆ ಯಾರೂ ಅವರ ಜೊತೆ ಮಾತಾಡುತ್ತಲೂ ಇರಲಿಲ್ಲವೇನೋ… ನನಗೆ ಹಾಗನ್ನಿಸುತ್ತಿತ್ತು.

ಸಂಜೆಯ ಬಸ್ಸಿನಲ್ಲಿ ಲಿಂಗಸುಗೂರಿನಿಂದ ಮಸ್ಕಿಯವರೆಗೆ ಒಬ್ಬರು ಬರುತ್ತಿದ್ದರು. ಹಟ್ಟಿ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿದು ದುಡಿಯುವವರು. ಪಾಳಿ ಬದಲಾಗುತ್ತಿದ್ದುದರಿಂದ ಒಂದು ವಾರ ಕಂಡರೆ ಮತ್ತೆರಡು ವಾರ ಇಲ್ಲ. ಹಾಗಾಗಿ ನಾವು ಅವರಿಗೆ ಪಾಳಿಯವರು ಅನ್ನುತ್ತಿದ್ದೆವು. ಎತ್ತರದ ಆಳು, ನರೆತ ಮೀಸೆ. ನಮ್ಮ ಹಿಂದಿನ ಸೀಟಿಗೆ ಬಂದು ಕೂರುವರು, ಬಸ್ಸು ಊರು ಬಿಡುವ ಮೊದಲೇ ನಿದ್ದೆ ಹೋಗುವರು. ಮಸ್ಕಿ ಬಂದಾಗ ಅಕ್ಕೋರೇ ತಿರುಗಿ ಸೀಟಿನ ಸರಳು ಬಡಿದು ಎಬ್ಬಿಸಬೇಕು. ಅವರು ಎದ್ದು, ಕೈ ಮುಗಿದು, ಇಳಿದುಹೋಗುವರು. ಒಂದು ಮಾತಿಲ್ಲ.

‘ಮಾತಾಡದ ಗಣಮಗನ್ನ ನಂಬಬಾರ್ದು’ ಎಂದು ಅಕ್ಕೋರು ನನಗೆ ಕೇಳಿಸುವಂತೆ, ಬಹುಶಃ ಅವರಿಗೂ ಕೇಳಿಸುವಂತೆ ಹೇಳುತ್ತಿದ್ದರು. ‘ಹೊಟ್ಯಾಗ ಏನ್ ಇಟ್ಕೊಂಡಾನ ಯಾರಿಗ್ ಗೊತ್ತು.’

ಆದರೆ ಪಾಳಿಯವರು ಬರುವ ವಾರ ಅಕ್ಕೋರ ಬುತ್ತಿಯಲ್ಲಿ ಎರಡು ಶೇಂಗಾ ಹೋಳಿಗೆ ಜಾಸ್ತಿ ಇರುತ್ತಿದ್ದವು, ಸಂಜೆಯವರೆಗೂ ಮಿಕ್ಕಿರುತ್ತಿದ್ದವು. ಇಳಿಯುವಾಗ ಅವರ ಕೈಗೆ ಕೊಡುವರು. ‘ಮಿಕ್ಕಾವು, ಒಯ್ರಿ’ ಅನ್ನುವರು. ನಾನು ನೋಡುತ್ತಿದ್ದೆ.

ಒಂದು ಸಂಜೆ ಮಸ್ಕಿ ಇನ್ನೂ ದೂರವಿರುವಾಗಲೇ ಬಸ್ಸು ಪಂಕ್ಚರ್ ಆಯಿತು. ಎಲ್ಲರೂ ಇಳಿದು ರಸ್ತೆ ಬದಿಯ ಬೇವಿನ ಮರದ ಕೆಳಗೆ ಕೂತೆವು. ಪಾಳಿಯವರು ನಮ್ಮ ಹತ್ತಿರವೇ ಒಂದು ಕಲ್ಲಿನ ಮೇಲೆ ಕೂತರು. ನಿದ್ದೆ ಮುರಿದು ಕಣ್ಣು ಕೆಂಪಾಗಿದ್ದವು. ಅಕ್ಕೋರು ಸುಮ್ಮನೆ ಕೂರುವವರೇ?

‘ಮನ್ಯಾಗ ಯಾರ್‍ಯಾರ್ ಅದಾರ್ರಿ?’ ಅಂದರು.

‘ಯಾರಿಲ್ರಿ. ಹೇಣ್ತಿ ತೀರ್ಕೊಂಡು ಭಾಳ ವರ್ಷಾತು. ಮಗಳನ್ನ ಮುದಗಲ್ಲಿಗೆ ಕೊಟ್ಟೀನಿ.’

‘ಹಂಗಂದ್ರ ಮನ್ಯಾಗ ನಿದ್ದಿ ಮಾಡಾಕ ಬೇಕಾದಷ್ಟು ಜಾಗ ಐತಲ್ರಿ. ಬಸ್ಸಿನಾಗ ಯಾಕ ಮಾಡ್ತೀರಿ?’

ನಾವಿಬ್ಬರೂ ನಕ್ಕೆವು, ಅವರೂ ನಗಬಹುದೆಂದುಕೊಂಡೆ. ಅವರು ನಗಲಿಲ್ಲ.

‘ಮನ್ಯಾಗ ಬರಂಗಿಲ್ರಿ ಅಕ್ಕೋರ. ದಿನಾ ಗಣ್ಯಾಗ ಒಂದಽ ಸಮನ ಸದ್ದು. ಮನೀಗ್ ಹೋದ್ರ ಏನೂ ಇಲ್ಲ, ಕಿವಿ ಗುಂಯ್ ಅಂತೈತಿ. ಕಣ್ ಮುಚ್ಚಾಕಽ ಆಗಂಗಿಲ್ಲ. ಇಲ್ಲಿ ನೀವು ಮಾತಾಡಾಕತ್ತಿರ್ತೀರಿ… ಅದನ್ನ ಕೇಳ್ಕೋಂತ ಕುಂತ್ರ ನಿದ್ದಿ ಹತ್ತತೈತಿ.’

ಅಷ್ಟು ದೊಡ್ಡ ಮಾತನ್ನು ಅವರು ಹಿಂದೆಂದೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಟಾಯರ್ ಬದಲಾಯಿಸಿ ಬಸ್ಸು ಹೊರಟಿತು. ಅವರು ಮೊದಲಿನಂತೆ ಹಿಂದೆ ಕೂತರು. ಅಕ್ಕೋರು ಮಸ್ಕಿಯವರೆಗೆ ಮಾತಾಡಿದರು. ಏನು ಮಾತಾಡಿದರೆಂದು ನನಗೆ ನೆನಪಿಲ್ಲ, ಅವರಿಗೂ ಗೊತ್ತಿತ್ತೋ ಇಲ್ಲವೋ. ಆದರೆ ಒಂದೇ ಸಮನೆ, ಮೆಲ್ಲಗೆ, ಮಗುವಿನ ತೊಟ್ಟಿಲು ತೂಗುವವರಂತೆ ಮಾತಾಡಿದರು. ಹಿಂದೆ ಪಾಳಿಯವರು ಮಲಗಿದ್ದರು.

ಅದಾದ ಮೇಲೆ ಪಾಳಿಯವರು ಬರದ ಎರಡು ವಾರ ಅಕ್ಕೋರು ಬುತ್ತಿಯನ್ನು ಸರಿಯಾಗಿ ಉಣ್ಣಲಿಲ್ಲ. ಒಂದು ದಿನ ಸೆರಗಿನಿಂದ ಬಾಯಿ ಒರೆಸಿಕೊಂಡು, ‘ತಂಗಿ, ನಾ ಅವರನ್ನ ಕೇಳ್ಬೇಕಂತ ಮಾಡೀನಿ’ ಅಂದರು.

‘ಏನಂತ ಅಕ್ಕೋರ?’

‘ಏನಂತ ಅಂದ್ರ? ಲಗ್ನ ಆಗ್ತೀರೇನ್ರಿ ಅಂತ.’

ಅವರಿಗೆ ಆಗ ಐವತ್ತು ದಾಟಿತ್ತು. ನನಗೆ ನಗು ಬರಲಿಲ್ಲ, ಗಾಬರಿಯಾಯಿತು. ಈ ಊರು, ಈ ರಸ್ತೆ, ಈ ಬಸ್ಸಿನ ಜನ ಏನನ್ನುತ್ತಾರೋ ಎಂದು. ‘ಯೋಚನಿ ಮಾಡೀರೇನ್ರಿ’ ಅಂದೆ. ‘ಯೋಚನಿ ಮಾಡಿದ್ರ ಈ ಜಲ್ಮದಾಗ ಆಗಂಗಿಲ್ಲ’ ಅಂದರು.

ಕೇಳಿಯೇಬಿಟ್ಟರು. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ, ಬಾಳೆಹಣ್ಣಿನ ಬಂಡಿಯ ಪಕ್ಕ ನಿಂತು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ‘ಮಗಳಿಗೆ ಒಂದ್ ಮಾತು ಕೇಳ್ತೀನ್ರಿ’ ಅಂದರು ಪಾಳಿಯವರು. ಅಕ್ಕೋರ ಮುಖ ಅರಳಿತು. ಇಲ್ಲ ಅನ್ನುವವರು ಮಗಳನ್ನು ಕೇಳುತ್ತೇನೆ ಅನ್ನುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ಮಗಳು ಮುದಗಲ್ಲಿನಿಂದ ಬಂದಳು. ಮಸ್ಕಿಗೆ ಹೋಗುವ ನೆಪದಲ್ಲಿ ನಮ್ಮ ಬಸ್ಸನ್ನೇ ಹತ್ತಿ ಅಕ್ಕೋರ ಪಕ್ಕ ಕೂತಳು. ತಾನು ಯಾರೆಂದು ಹೇಳಲಿಲ್ಲ. ಅಕ್ಕೋರು ಐದು ನಿಮಿಷದಲ್ಲಿ ಕಂಡುಹಿಡಿದರು, ಕಂಡುಹಿಡಿದದ್ದನ್ನು ತೋರಿಸಿಕೊಳ್ಳಲಿಲ್ಲ. ಇಬ್ಬರೂ ಉಪ್ಪಿನಕಾಯಿ, ಮಕ್ಕಳ ನೆಗಡಿ, ಕೂದಲು ಉದುರುವುದು ಇಂಥದ್ದನ್ನೇ ಮಾತಾಡಿದರು. ಮಸ್ಕಿಯಲ್ಲಿ ಇಳಿಯುವಾಗ ಆ ಹುಡುಗಿ ತಿರುಗಿ ನಿಂತಳು.

‘ಅಪ್ಪಗ ಉಪ್ಪು ಕಮ್ಮಿ ಹಾಕ್ಬೇಕ್ರಿ’ ಅಂದಳು. ‘ಅಂವ ಕೇಳಂಗಿಲ್ಲ. ನೀವಽ ಲಕ್ಷ್ಯ ಇಡ್ಬೇಕು.’

ತೊಂದರೆ ಬಂದದ್ದು ತಮ್ಮನಿಂದ. ಮೊದಲು ಜಾತಿ ವಿಚಾರಿಸಿದ. ಅದರಲ್ಲಿ ತಕರಾರು ತೆಗೆಯುವಂಥದ್ದು ಏನೂ ಸಿಗಲಿಲ್ಲ. ಆಮೇಲೆ ವಯಸ್ಸು ಹಿಡಿದುಕೊಂಡ. ಈ ವಯಸ್ಸಿನಲ್ಲಿ ಅಕ್ಕ ತಲೆಮೇಲೆ ಅಕ್ಕಿ ಹಾಕಿಸಿಕೊಂಡರೆ ಬಜಾರಿನಲ್ಲಿ ತಾನು ಮುಖ ಎತ್ತುವುದು ಹೇಗೆ ಎಂದು. ಆ ಮನೆಯಲ್ಲಿ ಅಕ್ಕ ತಮ್ಮ ಮಾತು ಬಿಟ್ಟರು. ಅಕ್ಕೋರಿಗೆ ಬೈಗುಳ ತಡೆಯುವ ಶಕ್ತಿಯಿತ್ತು, ಮೌನ ತಡೆಯುವ ಶಕ್ತಿ ಇರಲಿಲ್ಲ. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಅತ್ತದ್ದು ಆ ದಿನಗಳಲ್ಲಿಯೇ. ‘ಅಂವನ್ನ ಎತ್ತಿ ಆಡ್ಸಿದ ಕೈರೀ ಇವು’ ಅನ್ನುತ್ತಿದ್ದರು. ನನಗೆ ರೀ ಹಚ್ಚಿ ಮಾತಾಡುತ್ತಿದ್ದೇನೆ ಎಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಅವರ ತಮ್ಮ ನಮ್ಮ ಮನೆಗೇ ಬಂದ. ಒಳ್ಳೆಯ ಮನುಷ್ಯನೇ. ಪಡಸಾಲೆಯಲ್ಲಿ ಕೂತು, ‘ನೀವು ದಿನಾ ಜೋಡೀಲೆ ಹೋಗ್ತೀರಿ. ನಿಮ್ ಮಾತು ಕೇಳ್ತಾಳ. ಬ್ಯಾಡ ಅಂತ ಒಂದೀಟು ಹೇಳ್ರಿ’ ಅಂದ. ನಾನು ಏನು ಹೇಳಬೇಕೆಂದು ತಡಕಾಡುತ್ತಿದ್ದೆ. ಒಳಗೆ ಜೋಳ ಹಸನು ಮಾಡುತ್ತಿದ್ದ ನಮ್ಮತ್ತೆ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವರು ಅಕ್ಕೋರನ್ನು ಒಂದು ಸಲವೂ ಕಂಡಿರಲಿಲ್ಲ. ನನ್ನ ಬಾಯಿಂದ ಕೇಳಿದ್ದಷ್ಟೇ.

‘ಯಪ್ಪಾ, ನಿಮ್ಮಕ್ಕ ಮನ್ಯಾಗ ಊಟಕ್ಕ ಕುಂತ್ರ ಎದುರಿಗೆ ಯಾರ್ ಕುಂದರ್ತೀರಿ?’

ಅವನು ಅರ್ಥವಾಗದೆ ನೋಡಿದ.

‘ಸುಮ್ಕ ಕೇಳಿನಿ. ಯಾರ್ ಕುಂದರ್ತೀರಿ?’

ನಾನು ಚಹಾ ಕೊಟ್ಟೆ. ಕುಡಿಯದೇ ಎದ್ದುಹೋದ.

ಮದುವೆ ಮಸ್ಕಿಯ ಗುಡ್ಡದ ಮೇಲಿನ ಮಲ್ಲಯ್ಯನ ಗುಡಿಯಲ್ಲಿ ನಡೆಯಿತು. ಮಗಳು ಮುದಗಲ್ಲಿನಿಂದ ಹೂವು ತಂದಿದ್ದಳು. ಬಸ್ಸಿನ ಜನ ಬಂದಿದ್ದರು. ಹಾಲಿನ ಕ್ಯಾನಿನವನು, ‘ಇಷ್ಟು ದಿನ ಅಕ್ಕೋರು ಅಂದು ಈಗ ಏನಂತೀರಿ’ ಎಂದು ಪಾಳಿಯವರನ್ನು ಕಾಡುತ್ತಿದ್ದ. ಅವರು ನಾಚಿ ಮೀಸೆ ಒರೆಸಿಕೊಳ್ಳುತ್ತಿದ್ದರು. ತಮ್ಮನ ಹೆಂಡತಿ ಒಂದು ಇಳಕಲ್ ಸೀರೆ ಹಿಡಿದುಕೊಂಡು ಬಂದಳು. ತಮ್ಮ ಬರಲಿಲ್ಲ.

ಮಂಗಳಾರತಿ ಮುಗಿದು ನಾವು ಮೆಟ್ಟಿಲಿಳಿದು ಬಂದಾಗ ಅವನು ಕೆಳಗೆ ಮೋಟಾರ್ ಸೈಕಲ್ಲಿಗೆ ಆತುಕೊಂಡು ನಿಂತಿದ್ದ. ಹೆಂಡತಿಯನ್ನು ಬಿಡಲು ಬಂದವನು ಹಾಗೇ ನಿಂತುಬಿಟ್ಟಿದ್ದ. ಬಿಸಿಲಿಗೆ ಅಂಗಿಯೆಲ್ಲ ತೊಯ್ದಿತ್ತು. ಅಕ್ಕೋರು ಕೊರಳಲ್ಲಿದ್ದ ಹಾರ ತೆಗೆದು ನನ್ನ ಕೈಗೆ ಕೊಟ್ಟು ಅವನ ಹತ್ತಿರ ಹೋದರು. ಬೈಯುತ್ತಾರೆ ಅಂದುಕೊಂಡೆ.

‘ಉಂಡೀಯೇನೋ?’ ಅಂದರು.

ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

ಗುಡ್ಡದ ಬುಡದಲ್ಲಿ ಹಾಕಿದ್ದ ಪೆಂಡಾಲಿಗೆ ಅವನನ್ನು ಕೈ ಹಿಡಿದು ಕರೆದುಕೊಂಡು ಹೋದರು. ಎಲೆ ಹಾಕಿಸಿದರು. ಅವನ ಎದುರಿಗೆ ತಮಗೂ ಒಂದು ಎಲೆ ಹಾಕಿಸಿಕೊಂಡು ಕೂತರು. ಅಕ್ಕ ತಮ್ಮ ಮಾತಿಲ್ಲದೆ ಉಂಡರು. ನಡುವೆ ಒಮ್ಮೆ ಅವನು ತನ್ನ ಎಲೆಯ ಗೋಧಿ ಹುಗ್ಗಿಯನ್ನು ಅವರ ಎಲೆಗೆ ಸರಿಸಿದ. ಅಷ್ಟೇ.

ಆಮೇಲೆ ಅಕ್ಕೋರು ಮಸ್ಕಿಯವರಾದರು. ಸಿಂಧನೂರಿನಿಂದ ಮಸ್ಕಿಯವರೆಗೆ ನನ್ನ ಪಕ್ಕದ ಸೀಟನ್ನು ಚೀಲವಿಟ್ಟು ಕಾಯ್ದುಕೊಳ್ಳುತ್ತಿದ್ದೆ. ಮಸ್ಕಿಯಲ್ಲಿ ಹತ್ತುವರು, ಹೊಸ ಹೊಸ ಅಭಿಪ್ರಾಯಗಳೊಂದಿಗೆ. ಗಂಡಸರ ಗೊರಕೆಯಲ್ಲಿ ಎಷ್ಟು ತರಹ, ಪಾಳಿ ಬದಲಾದಂತೆ ಸಂಸಾರದ ಹೊತ್ತುಗೊತ್ತು ಹೇಗೆ ಬದಲಾಗುತ್ತದೆ, ಎರಡನೇ ಪಾಳಿಯ ವಾರ ಸಾರು ಯಾಕೆ ರುಚಿಯಾಗುತ್ತದೆ. ಪಾಳಿಯವರು ಹೆಸರು ಹಿಡಿಯದೆ ಅವರನ್ನು ‘ಕೇಳಾಕತ್ತೀರೇನ್ರಿ’ ಎಂದು ಕರೆಯುತ್ತಿದ್ದರಂತೆ. ಮಾತಾಡುವುದು ಯಾವಾಗಲೂ ಅಕ್ಕೋರೇ ಆದ್ದರಿಂದ ಆ ಹೆಸರು ತಮಗೆ ಒಪ್ಪುವುದಿಲ್ಲ ಎಂದು ನಗುತ್ತಿದ್ದರು. ಅವರು ನಿವೃತ್ತರಾದರು, ಪಾಳಿಯವರೂ ನಿವೃತ್ತರಾದರು. ನನಗೆ ಸಿಂಧನೂರಿಗೇ ವರ್ಗವಾಯಿತು. ಫೋನಿನಲ್ಲಿ ಸಿಗುತ್ತಿದ್ದರು. ಅವರ ಫೋನು ಅಂದರೆ ಒಲೆ ಆರಿಸಿಯೇ ಎತ್ತಬೇಕಿತ್ತು.

ಒಂದು ದಿನ ಫೋನು ಮಾಡಿದ್ದು ಪಾಳಿಯವರು. ಅಕ್ಕೋರಿಗೆ ಲಕ್ವ ಹೊಡೆದಿತ್ತು. ಬಲಗೈ ಹೋಗಿತ್ತು, ಮಾತು ಹೋಗಿತ್ತು.

ನೋಡಲು ಹೋದಾಗ ಅಕ್ಕೋರು ಕಿಟಕಿಯ ಹತ್ತಿರದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಮಾತ್ರ ಹಿಂದಿನಂತೆಯೇ ಇದ್ದವು. ಪಕ್ಕದ ಸ್ಟೂಲಿನ ಮೇಲೆ ಪಾಳಿಯವರು ಕೂತಿದ್ದರು, ಮಾತಾಡುತ್ತಿದ್ದರು. ದವಾಖಾನೆಯ ಡಾಕ್ಟರು, ಅವರಿಗೆ ಎಲ್ಲ ತಿಳಿಯುತ್ತದೆ, ಮಾತಾಡಿಸುತ್ತಿರಿ ಅಂದಿದ್ದರಂತೆ. ಅದಕ್ಕೆ ಆ ಮನುಷ್ಯ ಬೆಳಿಗ್ಗೆ ಎದ್ದು ಬಜಾರಿಗೆ ಹೋಗಿ, ಯಾರ ಮನೆಗೆ ಬೀಗರು ಬಂದಿದ್ದಾರೆ, ಚಹಾದಂಗಡಿಯವನು ಯಾಕೆ ಬಾಗಿಲು ತೆರೆದಿಲ್ಲ, ಯಾರ ಎಮ್ಮೆ ಈಯಿತು ಎಲ್ಲವನ್ನೂ ಕೇಳಿಕೊಂಡು ಬಂದು ಒಂದೊಂದಾಗಿ ಹೇಳುತ್ತಿದ್ದರು. ಮೊದಮೊದಲು ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ತಡವರಿಸುತ್ತಿದ್ದರು. ಪ್ರತಿ ಸಲ ಹೋದಾಗಲೂ ಮಾತು ಸ್ವಲ್ಪ ಸರಾಗವಾಗಿರುತ್ತಿತ್ತು. ತಪ್ಪು ಹೇಳಿದರೆ ಅಕ್ಕೋರು ಎಡಗೈಯಿಂದ ಮಂಚದ ಪಟ್ಟಿ ಬಡಿಯುವರು. ಪಾಳಿಯವರು ‘ಹಂಗಲ್ಲ ಹಂಗಲ್ಲ, ತಡೀರಿ’ ಎಂದು ಮತ್ತೆ ಮೊದಲಿನಿಂದ ಶುರು ಮಾಡುವರು. ನಾನು ಒಮ್ಮೆ ಹೊರಡುವಾಗ, ‘ಭಾಳ ಕಲ್ತೀರಿ’ ಅಂದೆ. ‘ಇಷ್ಟು ವರ್ಷ ಸುಮ್ಮಕ ಕುಂತು ಕೇಳೀನಲ್ರಿ’ ಅಂದರು.

ಹಾಗೆ ಎರಡು ಬೇಸಿಗೆ ಕಳೆದವು. ಹೋದ ವರ್ಷ ಅಕ್ಕೋರು ತೀರಿಕೊಂಡರು. ತಮ್ಮ ಬಂದು ಎಲ್ಲವನ್ನೂ ಮಾಡಿದ.

ಮೊನ್ನೆ ನಾನು ಮಸ್ಕಿಗೆ ಹೊರಟಿದ್ದು ಅವರ ವರ್ಷದ ಊಟಕ್ಕೆ. ಮುದಗಲ್ಲಿನ ಮಗಳು ಬಡಿಸಿದಳು. ಊಟವಾದ ಮೇಲೆ ಪಾಳಿಯವರು ಚಪ್ಪಲಿ ಮೆಟ್ಟಿ, ‘ನಡೀರಿ, ಬಸ್‌ಸ್ಟ್ಯಾಂಡ್ ತನಕ ಬರ್ತೀನಿ’ ಅಂದರು. ಬೀದಿಗೆ ಬಂದದ್ದೇ ಮಾತು ಶುರುವಾಯಿತು. ಆ ಮನೆಯವರು ಮಾಳಿಗೆ ಕಟ್ಟಿಸುತ್ತಿದ್ದಾರೆ, ಈ ಮನೆಯ ಸೊಸೆ ತವರಿಗೆ ಹೋಗಿದ್ದಾಳೆ, ಮೂಲೆಯ ಅಂಗಡಿಯವನು ಈಗೀಗ ಬೆಲ್ಲ ಒಳ್ಳೆಯದು ತರುತ್ತಿಲ್ಲ. ಎದುರಿಗೆ ಬಂದವರೆಲ್ಲ ದೂರದಿಂದಲೇ ನಕ್ಕು ದಾಟಿಹೋಗುತ್ತಿದ್ದರು. ಕೇಳುತ್ತ ನಿಂತರೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತೇನೋ.

ನಾವು ಸ್ಟ್ಯಾಂಡಿಗೆ ಬಂದು ನಿಂತೆವು.

‘ಮುಂಜಾನೆ ಇದನ್ನೆಲ್ಲ ಕೇಳ್ಕೊಂಡು ಮನೀಗ್ ಬರ್ತೀನ್ರಿ’ ಅಂದರು. ‘ಬಾಗ್ಲಾ ತಗ್ದ್ ಮ್ಯಾಲ ನೆನಪಾಗ್ತೈತಿ…’

ಅಕ್ಕೋರಾಗಿದ್ದರೆ ಏನಾದರೂ ಹೇಳುತ್ತಿದ್ದರು, ಅಂಥ ಹೊತ್ತಿಗೆ ಬೇಕಾದ ಮಾತು ಅವರಲ್ಲಿ ಇರುತ್ತಿತ್ತು. ನನ್ನಲ್ಲಿ ಇರಲಿಲ್ಲ.

ಸಿಂಧನೂರಿನ ಬಸ್ಸು ಬಂತು. ಪಾಳಿಯವರು ಅದನ್ನು ನೋಡಲಿಲ್ಲ. ಎದುರು ಓಣಿಯಲ್ಲಿ ಯಾರದೋ ಮಗಳಿಗೆ ಗಂಡು ನೋಡಿದ್ದನ್ನು ಹೇಳಲು ಶುರು ಮಾಡಿದ್ದರು. ಕಂಡಕ್ಟರ್ ನನ್ನನ್ನು ನೋಡಿ ಸೀಟಿ ಊದಿದ.

‘ಗಂಡು ಎಲ್ಲಿಯಾಂವಂತ್ರಿ?’ ಎಂದು ಪಾಳಿಯವರನ್ನು ಕೇಳಿದೆ. ಬಸ್ಸು ಹೋಯಿತು. ಇನ್ನೊಂದು ಬರುವುದಿತ್ತು.